ಕುತ್ತಿಗೆ ಕೊಟ್ಟು ಕಲಿಸಿದವರು

ಅವರ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳಿನಷ್ಟು ಮೇಲಿತ್ತು. ಮೂವತ್ತು ವರ್ಷ ಆ ಕೈಯನ್ನು ಇನ್ನೊಬ್ಬರ ಗಲ್ಲದ ಎತ್ತರಕ್ಕೆ ಹಿಡಿದೂ ಹಿಡಿದೂ ಹಾಗೇ ನಿಂತುಬಿಟ್ಟಿತ್ತು. ರಸ್ತೆಯಲ್ಲಿ ನಡೆದು ಬರುವಾಗಲೂ ಯಾರದೋ ಗಡ್ಡವನ್ನು ಅರ್ಧಕ್ಕೆ ಬಿಟ್ಟು ಬಂದವರ ಹಾಗೆ ಕಾಣುತ್ತಿದ್ದರು. ಭದ್ರಾವತಿಯ ನ್ಯೂಟೌನಿನಲ್ಲಿ, ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್ ಕಡೆಗೆ ತಿರುಗುವ ಮೂಲೆಯಲ್ಲಿ ಅವರ ಎರಡು ಕುರ್ಚಿಯ ಅಂಗಡಿಯಿತ್ತು. ನಮ್ಮ ಮನೆಯಲ್ಲಿ ಅವರನ್ನು ಕ್ಷೌರದಂಗಡಿಯವರು ಎಂದೇ ಕರೆಯುತ್ತಿದ್ದೆವು. ಆ ಅಂಗಡಿಯಲ್ಲಿ ರೇಡಿಯೋ ಇರಲಿಲ್ಲ. "ಕತ್ತಿ ಕೈಲಿರೋವಾಗ ನನ್ನ ಮಾತಾಡಿಸ್ಬೇಡಿ" ಎಂದು ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತಿದ್ದರು.

ಅಪ್ಪ ಆ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಗಡ್ಡ ಬಿಟ್ಟುಕೊಂಡು ಹೊರಗೆ ಕಾಲಿಟ್ಟವರಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಹೃದಯದ ಕವಾಟ ಬದಲಾಯಿಸಬೇಕಾಯಿತು. ಆಮೇಲೆ ದಿನಾ ರಕ್ತ ತೆಳುವಾಗಿಸುವ ಮಾತ್ರೆ. ಒಂದು ವರ್ಷದೊಳಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಬಾಯಿ ಸ್ವಲ್ಪ ವಾಲಿತು. ಆಗಿನಿಂದ ಕ್ಷೌರದಂಗಡಿಯವರೇ ದಿನ ಬಿಟ್ಟು ದಿನ ಮನೆಗೆ ಬಂದು ಗಡ್ಡ ತೆಗೆಯುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಕತ್ತಿ ದವಡೆಯ ಕೆಳಗಿದ್ದಾಗ ಅಪ್ಪನಿಗೆ ಸೀನು ಬಂತು. ಅಕ್ಕಿಕಾಳಿನಷ್ಟು ಗಾಯ, ಆದರೆ ರಕ್ತ ನಿಲ್ಲಲಿಲ್ಲ. ಪಟಿಕ ಹಚ್ಚಿದರು, ಹತ್ತಿ ಒತ್ತಿದರು, ಹತ್ತಿ ಒದ್ದೆಯಾಯಿತು. ನಾನು ಆಟೋ ತರಲು ಚಪ್ಪಲಿ ಮೆಟ್ಟಿದೆ. "ಎಲ್ಲೂ ಹೋಗ್ಬೇಡಿ ಟೀಚರಮ್ಮ. ಅಲ್ಲಾಡಿಸಿದ್ರೆ ಜಾಸ್ತಿ ಆಗುತ್ತೆ. ಬಟ್ಟೆ ಕೊಡಿ" ಎಂದರು. ಅಪ್ಪನ ಮುಂದೆ ಮಂಡಿಯೂರಿ ಒಂದೇ ಕಡೆ ಒತ್ತಿ ಹಿಡಿದು ಕೂತರು. ಗೋಡೆ ಗಡಿಯಾರದಲ್ಲಿ ಐವತ್ತು ನಿಮಿಷ ಕಳೆಯಿತು. ರಕ್ತ ನಿಂತ ಮೇಲೆ ಅವರಿಗೆ ತಕ್ಷಣ ಎದ್ದು ನಿಲ್ಲಲೂ ಆಗಲಿಲ್ಲ. ಕತ್ತಿಯನ್ನು ತೊಳೆದು ಮಡಚಿದರು.

"ಸಾರ್‌ಗೆ ಇನ್ಮೇಲೆ ಕತ್ತಿ ಬೇಡ" ಎಂದರು.

ನನಗೆ ಅಳು ಬಂತು. ಮೂರು ವಾರದಲ್ಲಿ ಅಪ್ಪನನ್ನು ತಮಿಳುನಾಡಿನ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಅಲ್ಲಿ ಹದಿನೈದು ದಿನ ಲಾಡ್ಜಿನಲ್ಲಿರಬೇಕು. ಜೊತೆಗೆ ಹೋಗುವವಳು ನಾನೊಬ್ಬಳೇ. ಅಪ್ಪನ ಮಾತು ತೊದಲಾಗಿದ್ದರೂ ಹಟ ಗಟ್ಟಿಯಾಗಿತ್ತು: "ಗಡ್ಡ ಬಿಟ್ಕೊಂಡು ನಾನು ಡಾಕ್ಟರ ಮುಂದೆ ಕೂರಲ್ಲ." ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದವರ ಬ್ಲೇಡಿಗೆ ಆ ಕುತ್ತಿಗೆ ಒಡ್ಡುವ ಧೈರ್ಯ ನನಗಿರಲಿಲ್ಲ.

ಆಗ ಜೋಡಿ ಬ್ಲೇಡಿನ ಕಾರ್ಟ್ರಿಜ್ ರೇಜರ್‌ಗಳ ಜಾಹೀರಾತು ಎಲ್ಲೆಲ್ಲೂ ಇತ್ತು. ಅವು ಬಂದ ಮೇಲೆ ಕಾರ್ಖಾನೆಯ ಹುಡುಗರು ಅಂಗಡಿಗೆ ಬರುವುದು ಕಡಿಮೆಯಾಗಿತ್ತು. ಅವನ್ನು ಕಂಡರೆ ಕ್ಷೌರದಂಗಡಿಯವರು ಮುಖ ತಿರುಗಿಸುತ್ತಿದ್ದರು. ಅಂಥವರು ಮಂಗಳವಾರ, ಅಂಗಡಿಗೆ ರಜೆಯಿದ್ದ ದಿನ, ಬಸ್ಸು ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಮೂರು ಬಗೆಯ ರೇಜರ್ ತಂದರು. ಮುಂದಿನ ಮಂಗಳವಾರ ನನ್ನನ್ನು ಅಂಗಡಿಗೆ ಕರೆದರು. ಹೆಂಗಸರು ಕಾಲಿಡದ ಜಾಗ. ಯಾರೂ ಏನೂ ಅನ್ನದಿರಲೆಂದು ಎರಡೂ ಬಾಗಿಲು ಪೂರ್ತಿ ತೆರೆದಿಟ್ಟಿದ್ದರು.

"ಮೂರೂ ನನ್ನ ಮುಖದ ಮೇಲೆ ನೋಡಿದೀನಿ. ಈ ಬಳಸಿ ಬಿಸಾಕೋದು ತುಂಬಾ ಹಗುರ. ಹಗುರ ಅಂತ ಕೈ ತಾನಾಗೇ ಒತ್ತುತ್ತೆ. ಇದರ ತಲೆ ಬಿಗಿ, ಸಾರ್ ದವಡೆ ಒಂದು ಕಡೆ ವಾಲಿದೆಯಲ್ಲ, ಅಲ್ಲಿ ಮೂಲೆ ಚುಚ್ಚುತ್ತೆ. ಇದು ನೋಡಿ, ಕತ್ತು ಆಡುತ್ತೆ, ಹಿಡಿ ಭಾರ ಇದೆ, ಮೇಲೆ ಮುಚ್ಚಳ ಇದೆ. ಬ್ಯಾಗಲ್ಲಿ ಇಟ್ರೂ ಬ್ಲೇಡಿಗೆ ಏನೂ ತಾಗಲ್ಲ. ಇದನ್ನೇ ತಗೊಂಡು ಹೋಗಿ."

"ನನಗೆ ಬರಲ್ಲ" ಎಂದೆ.

ಅವರು ಆ ರೇಜರಿಗೆ ಹೊಸ ಕಾರ್ಟ್ರಿಜ್ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. ತಾವೇ ಸೋಪು ಹಚ್ಚಿಕೊಂಡು ಗಿರಾಕಿಯ ಕುರ್ಚಿಯಲ್ಲಿ ಕೂತು, ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು.

ನಾನು ಕಿವಿಯ ಬುಡದಿಂದ ಶುರುಮಾಡಿದೆ. "ಒತ್ತಬೇಡಿ. ಅದರ ಭಾರಕ್ಕೆ ಅದು ಇಳೀಲಿ. ಎಡಗೈಲಿ ಚರ್ಮ ಎಳೆದು ಹಿಡೀರಿ" ಎನ್ನುತ್ತಿದ್ದರು. ಬಾಗಿಲ ಹೊರಗೆ ನಾಲ್ಕು ಜನ ನಿಂತರು. ಒಬ್ಬ, "ಏನ್ ಮಾರಾಯ, ಟೀಚರಮ್ಮ ಇಲ್ಲಿ ಡ್ಯೂಟಿಗೆ ಬಂದಿದಾರಾ?" ಎಂದ. ಇವರು ಕಣ್ಣು ತೆರೆಯಲಿಲ್ಲ. "ಹೌದು. ಗಡ್ಡ ತೆಗೆಸ್ಕೊಳ್ಳೋದಿದ್ರೆ ಸಾಲಲ್ಲಿ ನಿಲ್ಲು" ಎಂದರು. ಆತ ಹೊರಟುಹೋದ.

ಗಂಟಲಿನ ಹತ್ತಿರ ಬಂದಾಗ ಅವರು ಉಗುಳು ನುಂಗಿದರು. ಗಂಟಲ ಗಂಟು ಬ್ಲೇಡಿನಡಿಯಲ್ಲಿ ಸರಿಯಿತು. ನಾನು ಗಕ್ಕನೆ ನಿಂತೆ, ಕೊಯ್ದೇಬಿಟ್ಟಿತು. "ನೋಡಿದ್ರಾ, ಹೆದರಿ ನಿಂತ್ರೆ ಅಲ್ಲೇ ಕೊಯ್ಯೋದು" ಎಂದು ಹತ್ತಿ ಒತ್ತಿಕೊಂಡು ಇನ್ನೊಂದು ಕೆನ್ನೆ ಕೊಟ್ಟರು. ಹೊರಡುವವರೆಗೆ ದಿನಾ ಶಾಲೆ ಮುಗಿಸಿ ಅಲ್ಲಿಗೆ ಹೋದೆ. ಅವರ ಕುತ್ತಿಗೆಯ ಮೇಲೆ ಐದು ಗಾಯ ಮಾಡಿದೆ. ಕೊನೆಯ ಮೂರು ದಿನ ಒಂದೂ ಆಗಲಿಲ್ಲ. ಆಮೇಲೆ ಆ ಬಗೆಯದೇ ಹೊಸ ರೇಜರ್ ಒಂದನ್ನು ಅಪ್ಪನಿಗೆಂದು ಕೈಗಿತ್ತು, "ಓಡೋ ರೈಲಲ್ಲಿ ಬೇಡ. ಬೆನ್ನ ಹಿಂದೆ ಜನ ಓಡಾಡೋ ಕಡೆ ಬೇಡ" ಎಂದರು.

ಆಸ್ಪತ್ರೆಯ ಊರು ಮುಟ್ಟುವಾಗ ರೈಲು ನಾಲ್ಕು ಗಂಟೆ ತಡವಾಗಿತ್ತು. ಹತ್ತಕ್ಕೆ ಡಾಕ್ಟರನ್ನು ನೋಡಬೇಕು, ಲಾಡ್ಜಿಗೆ ಹೋಗಲು ಸಮಯವಿಲ್ಲ. ಅಪ್ಪ ಸ್ಟೇಷನ್ನಿನ ವೇಟಿಂಗ್ ರೂಮಿನ ಬೆಂಚಿನಲ್ಲಿ ಕೂತು ಎಡಗೈಯಿಂದ ಗಲ್ಲ ಮುಟ್ಟಿ ತೋರಿಸಿದರು. ಗೋಡೆಗೆ ಬೆನ್ನು ಕೊಡುವಷ್ಟೂ ಜಾಗವಿರಲಿಲ್ಲ. ಅಲ್ಲೇ ಶುರುಮಾಡಿದೆ. ಒಂದು ಕಡೆ ಮುಗಿಸಿ ತುಟಿಯ ಕೆಳಗೆ ಬರುವಾಗ ಯಾರದೋ ಟ್ರಂಕು ನನ್ನ ಮೊಣಕೈಗೆ ಬಡಿಯಿತು.

ನೊರೆಯ ಬಿಳಿಯಲ್ಲಿ ಕೆಂಪು ಹರಡಿತು. ಕೂಗಲು ಬಾಯಿ ತೆರೆದೆ, ಭಾಷೆ ಗೊತ್ತಿಲ್ಲದ ಊರು. ಟವೆಲ್ಲಿನ ಅಂಚು ಮಡಚಿ ಒತ್ತಿದೆ, ಮಂಡಿಯೂರಿದೆ. ಆ ಶುಕ್ರವಾರ ಅವರು ಕೂತ ಹಾಗೇ ಕೂತೆ. ತೆಗೆದು ನೋಡಬೇಕು ಎನ್ನಿಸುತ್ತಿತ್ತು, ತೆಗೆಯಲಿಲ್ಲ. ಅಪ್ಪ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, "ಬಿಡ್ಬೇಡ" ಎಂದರು. ಒಂಬತ್ತು ಗಂಟೆಯ ಗಾಡಿ ಬಂದು ಹೋಯಿತು. ಜನ ಬಂದರು, ನೋಡಿದರು, ಹೋದರು. ನನ್ನ ಬೆರಳು ಜೋಮು ಹಿಡಿದಾಗ ಟವೆಲ್ಲನ್ನು ಮೆಲ್ಲಗೆ ಸರಿಸಿದೆ. ನಿಂತಿತ್ತು. ಎದ್ದು ಹೊರಡೋಣವೆಂದರೆ ಅಪ್ಪ ಇನ್ನೊಂದು ಕೆನ್ನೆಯತ್ತ ಬೆರಳು ಮಾಡಿ, "ಇದು?" ಎಂದರು. ಅದನ್ನೂ ತೆಗೆದೆ.

ಊರಿಗೆ ಬಂದ ಮೇಲೆ ಅವರು ಮನೆಗೆ ಬಂದರು. "ಎಲ್ಲಾದ್ರೂ ಗಾಯ ಆಯ್ತಾ?" ಎಂದು ಕೇಳಿದರು. "ಇಲ್ಲ" ಎಂದು ಸುಳ್ಳು ಹೇಳಿದೆ. ಅವರು ಅಪ್ಪನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತುಟಿಯ ಕೆಳಗೆ ನೋಡಿದರು.

"ರೈಲಲ್ಲೋ, ಲಾಡ್ಜಲ್ಲೋ?"

"ವೇಟಿಂಗ್ ರೂಮಲ್ಲಿ" ಎಂದೆ, ತಲೆ ಎತ್ತದೆ.

"ಒತ್ತಿ ಹಿಡಿದು ಕೂತ್ರಿ ತಾನೇ? ಸಾಕು" ಎಂದರು.

ಅಪ್ಪ ಇನ್ನೂ ಐದು ವರ್ಷ ಬದುಕಿದರು. ಅಷ್ಟೂ ದಿನ ಅವರ ಗಡ್ಡ ತೆಗೆದವಳು ನಾನೇ. ಅಷ್ಟರಲ್ಲಿ ಕಾರ್ಖಾನೆ ಸೊರಗಿ ಕ್ವಾರ್ಟರ್ಸ್ ಒಂದೊಂದಾಗಿ ಖಾಲಿಯಾದವು. ಕ್ಷೌರದಂಗಡಿಯವರು ಅಂಗಡಿ ಮುಚ್ಚಿ ಕುಂಸಿಯಲ್ಲಿದ್ದ ಮಗಳ ಮನೆಗೆ ಹೋದರು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಎರಡು ವಾರದ ನಂತರ. ಆ ಭಾನುವಾರವೇ ಹೋದೆ.

ಯಾರೆಂದು ಹೇಳಿಕೊಳ್ಳುವ ಮೊದಲೇ ಮಗಳು, "ಟೀಚರಮ್ಮ ಅಲ್ವಾ?" ಎಂದಳು. ಒಳಗೆ ಕೂರಿಸಿ, "ಅಪ್ಪ ಯಾರನ್ನೂ ಕೆಲಸಕ್ಕೆ ಸೇರಿಸ್ಕೊಳ್ತಿರ್ಲಿಲ್ಲ. ನನ್ನ ಹತ್ರ ಕಲಿತೋರು ಇಬ್ರೇ ಅಂತಿದ್ರು. ಒಬ್ರು ನಮ್ಮ ಚಿಕ್ಕಪ್ಪ, ಇನ್ನೊಬ್ರು ನೀವು. ನಾನು ತಮಾಷೆಗೆ ಹೇಳ್ತಾರೆ ಅಂದ್ಕೊಂಡಿದ್ದೆ" ಎಂದಳು.

"ತಮಾಷೆ ಅಲ್ಲಮ್ಮ. ಅವರ ಹತ್ರಾನೇ ಕಲಿತಿದ್ದು" ಎಂದೆ.