ದೀಪ ದೊಡ್ಡದಾಯಿತು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಕೆಳಗಿನ ಮಾತು. ಸೊಸೆ ಬೆಳಗಾವಿಯಲ್ಲಿ ಗ್ಯಾರೇಜು ನಡೆಸುತ್ತಾಳೆ. ನಾನು ಅಲ್ಲಿ ಎಣ್ಣೆ ಬಟ್ಟೆ ಒಗೆಯುತ್ತೇನೆ, ಬಾಯಿ ಮಾತ್ರ ಮುಚ್ಚಿಕೊಂಡಿರುವುದಿಲ್ಲ.

ಒಂದು ದಿನ ಕೆಂಪು ಸ್ಪೋರ್ಟ್ಸ್ ಕಾರು ಬಂತು. ಇಬ್ಬರಿಗೇ ಜಾಗ, ಎಂಜಿನ್ ಸೀಟಿನ ಬೆನ್ನಿಗೆ. ಎಣ್ಣೆ ಹರಿಯದಿದ್ದರೆ ಹತ್ತುವ ಕೆಂಪು ದೀಪ ಸುಮ್ಮಸುಮ್ಮನೆ ಮಿನುಗುತ್ತದೆ ಎಂದು ಹೇಳಿ ಯಜಮಾನ ಹೋದ. ಅಳತೆ ಕಡ್ಡಿಯಲ್ಲಿ ಎಣ್ಣೆ ಸರಿಯಾಗಿತ್ತು. ಸೆನ್ಸಾರು ಕೆಟ್ಟಿದೆ ಎಂದಿತು ಸೊಸೆಯ ಕಂಪ್ಯೂಟರು. ಹೊಸದು ಹಾಕಿದಳು.

ನಾನು ಇಪ್ಪತ್ತು ವರ್ಷ ಫೌಂಡ್ರಿಯಲ್ಲಿ ಎರಕದ ಕಬ್ಬಿಣಕ್ಕೆ ಸುತ್ತಿಗೆ ತಟ್ಟಿ ಕಿವಿಗೊಟ್ಟವಳು. ಗಟ್ಟಿಯಿದ್ದದ್ದು ಗಂಟೆಯ ಹಾಗೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ಬಾಯಿ ಮುಚ್ಚಿ ಮಾತಾಡುತ್ತದೆ. ಕೋಲಿನ ಒಂದು ತುದಿ ಓಡುವ ಎಂಜಿನ್ನಿಗೆ, ಇನ್ನೊಂದು ಕಿವಿಗೆ ಇಟ್ಟೆ. ಒಳಗಿನಿಂದ ಬೆರಳ ಗೆಣ್ಣಿನಲ್ಲಿ ಕದ ತಟ್ಟಿದ ಸದ್ದು. ಅವಸರವೇ ಇಲ್ಲ.

“ಸೆನ್ಸಾರು ಅಲ್ಲ ಇದು. ಒಳಗ ಯಾರೋ ಅದಾರ.”

“ಯಾರ್ರೀ ಅತ್ತಿ, ಮಾವಾರೇನು? ಚಾ ಕುಡೀತಾರೇನ ಕೇಳ್ರಿ.”

ನನ್ನ ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು. ಅವನು ಕದ ತಟ್ಟಿ ಬಂದವನೇ ಅಲ್ಲ, ಒದ್ದು ಬರುತ್ತಿದ್ದ.

“ಖಾನಾಪುರದ ತನಕ ಓಡಿಸಿ ನೋಡೂಣು, ನೀವೂ ಬರ್ರಿ,” ಎಂದಳು. “ಬಿಸಿಲಿಗೆ ನನಗ ದೀಪ ಕಾಣಂಗಿಲ್ಲ. ಹತ್ತಿದ್ರ ಹೇಳ್ರಿ.”

ಎಣ್ಣೆಯಿಲ್ಲದೆ ಓಡಿದರೆ ಎಂಜಿನ್ ಕಚ್ಚಿಕೊಂಡು ಒಮ್ಮೆಲೇ ನಿಂತುಬಿಡುತ್ತದೆ. ಆ ಕಾರಿನ ವೇಗದಲ್ಲಿ ಕಚ್ಚಿಕೊಂಡರೆ ನಾವಿಬ್ಬರೂ ಇಲ್ಲ. ಇದು ಗೊತ್ತಿದ್ದೇ ಹತ್ತಿದೆ. ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ.

ಖಾನಾಪುರ ನಾಲ್ಕು ಮೈಲಿ ಇರುವಾಗ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಟಮಟ ಮಧ್ಯಾಹ್ನ. ಆ ತಟ್ಟುವುದು ನೇರ ನನ್ನ ಬೆನ್ನುಹುರಿಗೆ ಬೀಳುತ್ತಿತ್ತು. ಕೆಂಪು ದೀಪ ಹತ್ತಿತು. ನಾನು ಬಾಯಿ ತೆಗೆಯುವಷ್ಟರಲ್ಲಿ ಆರಿತು.

ನಮ್ಮ ಮನೆಯಲ್ಲಿ ದೀಪ ಆರಿತು ಅನ್ನುವ ಹಾಗಿಲ್ಲ, ಅಪಶಕುನ. ದೊಡ್ಡದಾಯಿತು ಅನ್ನಬೇಕು.

“ದೀಪ ದೊಡ್ಡದಾತು,” ಅಂದೆ. ಇನ್ನು ಭಯವಿಲ್ಲ ಎಂದು ನನ್ನ ಅರ್ಥ.

ಸೊಸೆ ಮರಾಠಿ ಮನೆಯಲ್ಲಿ ಬೆಳೆದವಳು. ಅವರಲ್ಲಿ ದೀಪ ದೊಡ್ಡದು ಮಾಡು ಅಂದರೆ ಬತ್ತಿ ಏರಿಸಿ ಬೆಳಕು ಹೆಚ್ಚಿಸು ಎಂದು. ಥಟ್ಟನೆ ಗಾಡಿ ಬದಿಗೆ ತಂದು ಎಂಜಿನ್ ಬಂದ್ ಮಾಡಿದಳು.

“ಯಾಕ ನಿಲ್ಲಿಸಿದಿ? ದೊಡ್ಡದಾತು ಅಂದ್ನಲ್ಲ!”

“ದೊಡ್ಡದಾದ್ರ ನಿಲ್ಲಿಸಬ್ಯಾಡಾ ಮತ್ತ?”

ಇಳಿದು ನೋಡಿದರೆ ಹಿಂದೆ ರಸ್ತೆಯ ಮೇಲೆ ಕಪ್ಪು ಗೆರೆ, ತಿರುವಿನ ತನಕ, ಯಾರೋ ನಮ್ಮ ಜಾಡು ಹಿಡಿದು ಬಂದ ಹಾಗೆ. ಅಳತೆ ಕಡ್ಡಿ ತೆಗೆದಳು. ಒಣ. ಎಣ್ಣೆಯ ಕೊಳವೆ ಸೀಳಿಹೋಗಿತ್ತು. ದೀಪದ ವಾಯರು ಕಾದ ಸೈಲೆನ್ಸರಿಗೆ ತಾಗಿ ಸುಟ್ಟು ತುಂಡಾಗಿತ್ತು. ದೀಪ ಆರಿದ್ದು ಅದಕ್ಕೆ. ಆರಿತು ಎಂದು ನೆಟ್ಟಗೆ ಹೇಳಿದ್ದರೆ ಅವಳು ಗಾಡಿ ಇನ್ನೂ ಜೋರಾಗಿ ಹೊಡೆಯುತ್ತಿದ್ದಳು.

“ಇನ್ನೊಂದು ಮೈಲಿ ಹೋಗಿದ್ರ, ಅತ್ತಿ...”

ಎಂಜಿನ್ ನಿಂತಿತ್ತು. ತಟ್ಟುವುದು ನಿಂತಿರಲಿಲ್ಲ. ಕಬ್ಬಿಣ ತಣ್ಣಗಾಗುವ ಸದ್ದು ಅದು ಅಂದಳು. ತಣ್ಣಗಾಗುವ ಕಬ್ಬಿಣದ ಸದ್ದು ನಾನು ಇಪ್ಪತ್ತು ವರ್ಷ ಕೇಳಿದ್ದೇನೆ. ಅದಲ್ಲ.

ಮರುದಿನ ಬೆಳಿಗ್ಗೆ ಒಂದು ಚೀಲ ಕಟ್ಟಿಗೆ ಹೊಟ್ಟು ಹೊತ್ತು ಖಾನಾಪುರದ ಬಸ್ಸು ಹತ್ತಿದೆ. ಅದೇ ಜಾಗದಲ್ಲಿ ಇಳಿದು, ಬೈಕಿನವರು ಜಾರಿ ಬೀಳಬಾರದೆಂದು ಆ ಎಣ್ಣೆ ಗೆರೆಯ ಮೇಲೆ ಹೊಟ್ಟು ಉದುರಿಸುತ್ತ ಬೆಳಗಾವಿಯ ಕಡೆ ನಡೆದೆ.