ಅಣ್ಣ ಇರುವ ದೇಶ

ಅವಳಿಗೆ ಲಾಯರಮ್ಮ ಎಂದು ಅಡ್ಡಹೆಸರಿಟ್ಟವನು ಅಣ್ಣ. ಮನೆಯಲ್ಲಿ ಒಂದು ಲೋಟ ಒಡೆದರೂ ಸಾಕು, ಒಡೆದವರು ಯಾರು, ಅದನ್ನು ಅಂಚಿನಲ್ಲಿ ಇಟ್ಟವರು ಯಾರು, ತಪ್ಪು ಯಾರದು ಎಂದು ಸೊಂಟದ ಮೇಲೆ ಕೈಯಿಟ್ಟು ವಾದಕ್ಕೆ ನಿಲ್ಲುತ್ತಿದ್ದಳು. ಒಡೆದವನು ಹೆಚ್ಚಾಗಿ ಅಣ್ಣನೇ ಆಗಿರುತ್ತಿದ್ದ; ಗೆಲ್ಲಿಸಿಕೊಡುತ್ತಿದ್ದವಳು ಇವಳು. ಅಪ್ಪ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅವರು ಸೀಟಿ ಊದಿದರೆ ಬೀದಿಯ ನಾಯಿಗಳೂ ಸಾಲಾಗಿ ನಿಲ್ಲುತ್ತವೆ ಎಂದು ಜನ ನಗುತ್ತಿದ್ದರು.

ಅಣ್ಣ ವೈರಿಂಗ್ ಕೆಲಸ ಕಲಿತು, ದೂರದ ಪಟ್ಟಣದಲ್ಲಿ ಗೆಳೆಯನೊಬ್ಬನ ಜೊತೆ ಸೇರಿ ಅಂಗಡಿ ಹಾಕಿದ್ದ. ಒಂದು ಸಂಜೆ ಇಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು. ಅಣ್ಣ ನೂಕಿದ. ಗೆಳೆಯನ ತಲೆ ಷಟರಿನ ಕಬ್ಬಿಣದ ಅಂಚಿಗೆ ಬಡಿಯಿತು. ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನೂ ಅಣ್ಣನೇ, ಆದರೆ ಅಷ್ಟರಲ್ಲಿ ಉಸಿರು ನಿಂತಿತ್ತು. ಕೋರ್ಟು ಹತ್ತು ವರ್ಷ ಕೊಟ್ಟಿತು.

ಅಪ್ಪ ಮನೆಗೆ ಬಂದು, ಕೈಕಾಲು ತೊಳೆದು, ಮಗನಿಗೆ ಪರದೇಶದಲ್ಲಿ ಕೆಲಸ ಸಿಕ್ಕಿದೆ ಎಂದು ಪಕ್ಕದ ಮನೆಯವರಿಗೆ ಹೇಳಿದರು. ಅಂದಿನಿಂದ ಮನೆಯಲ್ಲಿ ಎಲ್ಲರೂ ಅದನ್ನೇ ಹೇಳಿದರು. ಅಪ್ಪ ಒಮ್ಮೆಯೂ ಜೈಲಿನ ಕಡೆ ತಲೆಹಾಕಲಿಲ್ಲ. ಅಮ್ಮ ತಿಂಗಳಿಗೊಮ್ಮೆ ಒಳ್ಳೆಯ ಬಟ್ಟೆ ಉಟ್ಟು, ಕಣ್ಣಾಸ್ಪತ್ರೆಗೆ ಹೋಗಿಬರುತ್ತೇನೆ ಎಂದು ಹೊರಡುತ್ತಿದ್ದಳು. ನೆರೆಯವರು ಈಗ ಕಣ್ಣು ಹೇಗಿದೆ ಎಂದು ಕೇಳಿದರೆ ಪರವಾಗಿಲ್ಲ ಎನ್ನುತ್ತಿದ್ದಳು. ಹಾಗೆ ಹೋಗಿ ಬಂದ ದಿನ ಕಣ್ಣು ಕೆಂಪಗಿರುತ್ತಿತ್ತು; ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಲಾಯರಮ್ಮ ಕಾನೂನು ಓದಲಿಲ್ಲ. ಸಮಾಜಕಾರ್ಯ ಓದಿ, ಕೆಲ ಕಾಲ ಹೆಂಗಸರ ಆಶ್ರಯಧಾಮದಲ್ಲಿ ದುಡಿದು, ಹೊರದೇಶದಲ್ಲಿ ಅಪರಾಧಶಾಸ್ತ್ರದ ಸ್ನಾತಕೋತ್ತರ ಪದವಿಗೆ ಸೀಟು ಗಿಟ್ಟಿಸಿಕೊಂಡಳು. ಸಂದರ್ಶನದಲ್ಲಿ ಈ ವಿಷಯವೇ ಯಾಕೆ ಎಂದು ಕೇಳಿದ್ದಕ್ಕೆ ಆಸಕ್ತಿ ಎಂದಷ್ಟೇ ಹೇಳಿದ್ದಳು. ಊರಲ್ಲಿ ನೆಂಟರು, ಇಷ್ಟೆಲ್ಲ ಓದಿ ಪೊಲೀಸ್ ಆಗ್ತೀಯಾ, ಕಳ್ಳರನ್ನು ಹಿಡಿಯೋದಕ್ಕೂ ಫಾರಿನ್ ಬೇಕಾ ಎಂದು ತಮಾಷೆ ಮಾಡಿದರು. ಸೋದರತ್ತೆ ಮಾತ್ರ, ಅಣ್ಣನೂ ಅದೇ ದೇಶದಲ್ಲಿದ್ದಾನಾ ಎಂದು ವಿಚಾರಿಸಿದಳು. ಅಪ್ಪ ಹೌದು, ಹತ್ತಿರವೇ ಅಂದುಬಿಟ್ಟರು. ಅತ್ತೆ ತಾನೇ ಹೆಣೆದ ಸ್ವೆಟರೊಂದನ್ನು ತಂದು, ಅವನಿಗೆ ಕೊಡು ಎಂದು ಸೂಟ್‌ಕೇಸಿಗೆ ತುರುಕಿದಳು. ಅಲ್ಲಿಯ ಚಳಿಗೆ ಅದನ್ನು ಇವಳೇ ಹಾಕಿಕೊಂಡಳು. ತೋಳು ಬೆರಳ ತುದಿಯವರೆಗೂ ಬರುತ್ತಿತ್ತು.

ಅವಳ ಕೋಣೆಯಲ್ಲಿ ಮಂಚ, ಮೇಜು, ಪಕ್ಕದ ಕಟ್ಟಡದ ಗೋಡೆಗೆ ತೆರೆಯುವ ಕಿಟಕಿ. ಐದು ಜನಕ್ಕೆ ಒಂದೇ ಅಡುಗೆಮನೆ. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾನೆ. ತರಗತಿಯಲ್ಲಿ ಒಂದು ದಿನ ಪ್ರೊಫೆಸರ್ ದೊಡ್ಡ ಪರದೆಯ ಮೇಲೆ ಕೋಷ್ಟಕ ತೋರಿಸಿದರು. ಪ್ರಾಯ ಮೂವತ್ತರೊಳಗೆ, ಮೊದಲ ಅಪರಾಧ, ಸತ್ತವನು ಪರಿಚಿತ, ಆಯುಧವಿಲ್ಲ. ಇಂಥವರು ಮತ್ತೆ ತಪ್ಪು ಮಾಡುವುದು ಬಹಳ ಕಡಿಮೆ ಎಂದು ವಿವರಿಸಿ ಅವರು ಮುಂದಿನ ಸಾಲಿಗೆ ಹೋದರು. ಅವಳು ಆ ಸಾಲಿನಲ್ಲೇ ಉಳಿದಳು. ಅಣ್ಣ ಅಲ್ಲಿದ್ದ; ಪರಿಚಿತ ಎಂಬ ಒಂದು ಮಾತಿನೊಳಗೆ, ಅವರ ಮನೆಯಲ್ಲಿ ಎಷ್ಟೋ ಸಲ ಉಂಡು, ಇನ್ನೊಂದು ತುತ್ತು ಹಾಕಿ ಅಮ್ಮಾ ಎನ್ನುತ್ತಿದ್ದ ಆ ಗೆಳೆಯನೂ ಇದ್ದ. ಪಕ್ಕದಲ್ಲಿ ಕೂತ ಹುಡುಗಿ ಹುಷಾರಿದ್ದೀಯಾ ಎಂದು ಕೇಳಿದಳು. ತಲೆನೋವು ಅಂದಳು.

ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಕೈದಿಗಳ ಮನೆಯವರನ್ನು. ಅದಕ್ಕಾಗಿ ವಾರದಲ್ಲಿ ಎರಡು ದಿನ ಆ ಊರಿನ ಜೈಲಿನ ಕಾಯುವ ಕೋಣೆಯಲ್ಲಿ ಕೆಲಸ. ಒಂದಕ್ಕೊಂದು ಬೆಸೆದ ನೀಲಿ ಕುರ್ಚಿಗಳು, ಗಾಲಿ ಕಳಚಿದ ಆಟದ ಕಾರುಗಳ ಬುಟ್ಟಿ, ಬ್ಯಾಗು ಮೊಬೈಲು ಇಡಲು ಸಾಲು ಲಾಕರ್. ಬಂದವರಿಗೆ ಲಾಕರಿನ ಕೀಲಿ ಕೊಡುವುದು, ಬೇಕೆಂದವರಿಗೆ ಚಹಾ ಕೊಡುವುದು, ಮಾತಾಡುವ ಮನಸ್ಸಿದ್ದವರ ಮಾತು ಕೇಳುವುದು. ತುಟಿಗೆ ಬಣ್ಣ ಹಚ್ಚಿಕೊಂಡು ಬರುವ ಒಬ್ಬ ಮುದುಕಿ ಇದ್ದಳು. ಮಗ ಒಳಗಿನಿಂದ ಬರಲು ಒಪ್ಪುತ್ತಿರಲಿಲ್ಲ. ಆದರೂ ಭೇಟಿಯ ಹೊತ್ತು ಮುಗಿಯುವ ತನಕ ಕೂತಿದ್ದು, ಕನ್ನಡಿ ತೆಗೆದು ತುಟಿಯ ಬಣ್ಣ ಒರೆಸಿಕೊಂಡು ಬಸ್ಸಿಗೆ ಹೋಗುತ್ತಿದ್ದಳು. ಅವಳನ್ನು ನೋಡಿದಾಗಲೆಲ್ಲ ಲಾಯರಮ್ಮನಿಗೆ ಕಣ್ಣಾಸ್ಪತ್ರೆಗೆ ಹೊರಟ ಅಮ್ಮ ಕಾಣುತ್ತಿದ್ದಳು.

ಅಣ್ಣನಿಗೆ ಜೈಲಿನಿಂದ ಹೊರದೇಶಕ್ಕೆ ಫೋನ್ ಮಾಡುವ ಅವಕಾಶ ಇರಲಿಲ್ಲ. ಅವನು ಅಮ್ಮನಿಗೆ ಹೇಳಿದ್ದನ್ನು ಅಮ್ಮ ಇವಳಿಗೆ ಹೇಳುತ್ತಿದ್ದಳು. ಲಾಯರಮ್ಮ ಬರೋ ಹೊತ್ತಿಗೆ ನಾನೂ ಹೊರಗೆ ಬಂದಿರ್ತೀನಿ, ಇಬ್ಬರೂ ಫಾರಿನ್ ರಿಟರ್ನ್ ಎಂದು ನಗುತ್ತಿದ್ದನಂತೆ.

ಒಂದು ಮಧ್ಯಾಹ್ನ, ಜನರಿಗೆ ಕೀಲಿ ಹಂಚುತ್ತಿದ್ದಾಗ, ಅಪ್ಪನ ಫೋನ್ ಬಂತು. ಅಪ್ಪ ತಾವಾಗಿ ಫೋನ್ ಮಾಡಿದವರೇ ಅಲ್ಲ. ಅವಳು ಕೀಲಿಗಳನ್ನು ಮೇಜಿನ ಮೇಲೆ ಬಿಟ್ಟು ಬಾಗಿಲಾಚೆ ಹೋದಳು.

"ಅಣ್ಣ ಹೋಗ್ಬಿಟ್ಟ ಮಗಾ," ಅಂದರು.

ಹೊಟ್ಟೆನೋವು ಎಂದಿದ್ದನಂತೆ. ಜೈಲಿನ ಡಾಕ್ಟರು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದ್ದರು. ಅಪೆಂಡಿಕ್ಸ್ ಒಡೆದು ವಿಷ ಮೈಗೆಲ್ಲ ಏರಿದ ಮೇಲೆ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅಪ್ಪ ಮಗನನ್ನು ಇಷ್ಟು ವರ್ಷಗಳ ಮೇಲೆ ಮೊದಲ ಸಲ ಕಂಡದ್ದು ಶವಾಗಾರದಲ್ಲಿ.

ನಾನು ಈಗಲೇ ಹೊರಡ್ತೀನಿ ಎಂದಳು. ಬೇಡ, ಪಟ್ಟಣದಲ್ಲೇ ಎಲ್ಲಾ ಮುಗಿಸಿಬಿಟ್ಟೆವು ಎಂದರು ಅಪ್ಪ. ಆಮೇಲೆ ದನಿ ತಗ್ಗಿಸಿದರು.

"ಊರಿನವರಿಗೆ ನೀನಿರೋ ದೇಶದಲ್ಲೇ ಆಯ್ತು ಅಂತ ಹೇಳಿದ್ದೀನಿ. ನೀನು ಜೊತೆಗಿದ್ದೆ, ಎಲ್ಲಾ ನೀನೇ ನೋಡ್ಕೊಂಡೆ ಅಂತ. ಯಾರಾದ್ರೂ ಫೋನ್ ಮಾಡಿದ್ರೆ ಹಾಗೇ ಹೇಳು."

"ನಾನು ಅವನ ಮುಖಾನೂ ನೋಡ್ಲಿಲ್ಲ ಅಪ್ಪಾ."

"ಗೊತ್ತು," ಅಂದರು. ಫೋನ್ ಇಟ್ಟರು.

ನೆಂಟರ ಫೋನುಗಳು ಶುರುವಾದವು. ಕೊನೆಗಾಲಕ್ಕೆ ನೀನಾದರೂ ಹತ್ತಿರ ಇದ್ದೆಯಲ್ಲ, ಅಷ್ಟು ಸಮಾಧಾನ ಎಂದರು. ಅವಳು ಹ್ಞೂಂ ಹ್ಞೂಂ ಎಂದು ಸಾಗಹಾಕಿದಳು. ಅತ್ತೆಯನ್ನು ಹಾಗೆ ಸಾಗಹಾಕಲು ಆಗಲಿಲ್ಲ. ಅವಳು ಒಂದೊಂದನ್ನೇ ಕೇಳಿದಳು. ನೋವಿತ್ತಾ? ಕೈ ಹಿಡ್ಕೊಂಡಿದ್ದೆಯಾ? ಏನಾದರೂ ಹೇಳಿದನಾ?

ಲಾಯರಮ್ಮ ಮಂಚದ ಮೇಲೆ ಕೂತು, ಎದುರಿನ ಗೋಡೆಯನ್ನು ನೋಡುತ್ತಾ ಹೇಳತೊಡಗಿದಳು. ನೋವು ಇರಲಿಲ್ಲ ಅತ್ತೆ, ನಿದ್ದೆ ಬಂದ ಹಾಗೆ ಹೋದ. ಹೂಂ, ಕೈ ಹಿಡ್ಕೊಂಡಿದ್ದೆ. ಕೈ ಬೆಚ್ಚಗಿತ್ತು.

"ಅಮ್ಮ ಮಾಡಿದ ಅಡುಗೆ ನೆನಪಾಗ್ತಿದೆ ಅಂದ," ಎಂದಳು. "ಅಮ್ಮನಿಗೆ ಬೇಜಾರು ಮಾಡ್ಕೋಬೇಡ ಅಂತ ಹೇಳು ಅಂದ."

ಆ ಕಡೆ ಯಾರೋ ಬಿಕ್ಕಿದ ಸದ್ದು ಕೇಳಿಸಿತು. ಅತ್ತೆಯೇ ಇರಬೇಕೆಂದುಕೊಂಡಳು. ಫೋನ್ ಇಟ್ಟ ಮೇಲೆ ಅತ್ತೆಯ ಸ್ವೆಟರನ್ನು ಬಿಚ್ಚಿ, ಮಡಿಸಿ ಸೂಟ್‌ಕೇಸಿನೊಳಗೆ ಇಟ್ಟಳು.

ಪ್ರಬಂಧ ಹೇಗೋ ಬರೆದು ಮುಗಿಸಿದಳು. ಪ್ರೊಫೆಸರ್ ಮೆಚ್ಚಿಕೊಂಡು, ಇನ್ನೂ ಮುಂದೆ ಓದು ಎಂದರು. ಅವಳು ಊರಿಗೆ ಬಂದಳು. ಬಂದ ವಾರದಲ್ಲೇ ಅತ್ತೆಯ ಮನೆಗೆ ಹೋಗಿ, ಬೆಳ್ಳುಳ್ಳಿ ಸುಲಿಯುತ್ತಿದ್ದವಳ ಎದುರು ಕೂತು, ಅಣ್ಣ ಎಲ್ಲಿದ್ದ, ಎಲ್ಲಿ ಸತ್ತ ಎಂಬುದನ್ನೆಲ್ಲ ಹೇಳಿದಳು. ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣೇ. ಕಣ್ಣು ತೋರಿಸೋಕೆ ಇಷ್ಟು ವರ್ಷ ಯಾರು ಹೋಗ್ತಾರೆ?"

"ಮತ್ತೆ ಅವತ್ತು ನನ್ನನ್ನ ಯಾಕೆ ಹಾಗೆಲ್ಲ ಕೇಳಿದ್ರಿ?"

"ನಿಮ್ಮಮ್ಮ ಪಕ್ಕದಲ್ಲೇ ಕೂತಿದ್ಲು. ಅವಳು ದೊಡ್ಡಾಸ್ಪತ್ರೆಗೆ ಹೋಗೋ ಹೊತ್ತಿಗೆ ಅವನ ಮುಖಕ್ಕೆ ಬಟ್ಟೆ ಮುಚ್ಚಿದ್ರಂತೆ. ನೋವಿಲ್ಲದೆ ಹೋದ ಅಂತ ನಿನ್ನ ಬಾಯಿಂದ ಬಂದ್ರೆ, ಸುಳ್ಳು ಅಂತ ಗೊತ್ತಿದ್ರೂ ನಂಬ್ತಾಳೇನೋ ಅನ್ನಿಸ್ತು."

ಅಮ್ಮ ನಂಬಿದ್ದಳೋ ಇಲ್ಲವೋ, ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಅಮ್ಮ ಈಗ ಎಲ್ಲಿಗೂ ಹೋಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಬೆಳಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಆಮೇಲೆ ನೆನಪಾಗಿ ಹಳೆಯ ಬಟ್ಟೆಯನ್ನೇ ಉಡುತ್ತಿದ್ದಳು.

ಅಪ್ಪ ನಿವೃತ್ತರಾಗಿದ್ದರು. ಜಗಲಿಯಲ್ಲಿ ಕೂತು ರಸ್ತೆ ನೋಡುವುದೇ ಅವರ ಕೆಲಸವಾಗಿತ್ತು. ಒಂದು ಸಂಜೆ ಮಗಳನ್ನು ಕರೆದು, ಅಲ್ಲಿಯ ಜೈಲಿನಲ್ಲಿ ಏನು ಮಾಡುತ್ತಿದ್ದೆ ಎಂದು ಮೊದಲ ಸಲ ಕೇಳಿದರು. ಅವಳು ಕುರ್ಚಿಗಳ ವಿಷಯ, ಕೀಲಿಗಳ ವಿಷಯ, ಚಹಾದ ವಿಷಯ ಹೇಳಿದಳು. ಅಪ್ಪ ಕೇಳುತ್ತಿದ್ದರು.

"ಅಪ್ಪಂದಿರು ಬರ್ತಾರಾ?"

"ಕಮ್ಮಿ. ಬರ್ತಾರೆ."

ಅಪ್ಪ ಅಂಗಿಯ ಅಂಚನ್ನು ಎಳೆದು ಸರಿಮಾಡಿಕೊಂಡರು. "ಬಂದವರು ಏನು ಮಾತಾಡ್ತಾರೆ?"

ಅವಳು ನೆನಪಿಸಿಕೊಂಡಳು. ಊಟ ಸರಿ ಕೊಡ್ತಾರಾ ಅಂತ ಕೇಳ್ತಾರೆ. ತೆಳ್ಳಗಾಗಿದ್ದೀಯಾ ಅಂತಾರೆ. ಮನೆಯ ಸೂರು ಸೋರಿದ್ದು, ಮ್ಯಾಚಿನಲ್ಲಿ ಯಾರು ಗೆದ್ದರು, ಇಂಥವೇ.

"ಅಷ್ಟೇನಾ?"

"ಅಷ್ಟೇ ಅಪ್ಪಾ."

ಅಪ್ಪ ತಲೆಯಾಡಿಸಿದರು. ಇನ್ನೂ ಹೇಳು ಎಂಬಂತೆ ಅವಳ ಕಡೆಗೆ ಸ್ವಲ್ಪ ತಿರುಗಿ ಕೂತರು. ಕತ್ತಲಾಗುವವರೆಗೂ ಅವಳು, ಆ ಕೋಣೆಗೆ ಬಂದುಹೋದ ಅಪ್ಪಂದಿರ ಮಾತುಗಳನ್ನು ಒಂದೊಂದಾಗಿ ಹೇಳುತ್ತಾ ಹೋದಳು.