ಭಾಮೈದ ಬಿಗಿಸಿದ ಟ್ಯಾಪೆಟ್

ನಮ್ಮ ಜಯನಗರದಲ್ಲಿ ಹಳೆಯ ಬೈಕನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಸಾಕು, ಅಕ್ಕಪಕ್ಕದವರೆಲ್ಲ ವೈದ್ಯರಾಗಿಬಿಡುತ್ತಾರೆ. ಒಬ್ಬ ತಲೆ ಓರೆಮಾಡಿ ಕೇಳಿ, ‘ಟೈಮಿಂಗ್ ಚೈನ್ ಹೋಗಿದೆ ಅಂಕಲ್’ ಎನ್ನುತ್ತಾನೆ. ಹಸಿರು ದೀಪ ಬರುವಷ್ಟರಲ್ಲಿ ಇನ್ನೊಬ್ಬ ಪಿಸ್ಟನ್ನಿನ ತಿಥಿಯನ್ನೇ ಮಾಡಿ ಮುಗಿಸಿರುತ್ತಾನೆ. ಹಿಂದೆ ನಾಡಿ ನೋಡುವ ಪಂಡಿತರು ಕಣ್ಣು ಮುಚ್ಚಿ ಕೂರುತ್ತಿದ್ದರು. ಇವರಿಗೆ ಹೆಲ್ಮೆಟ್ ತೆಗೆಯುವಷ್ಟೂ ವ್ಯವಧಾನವಿಲ್ಲ. ನನ್ನ ರಕ್ತದೊತ್ತಡದ ಬಗ್ಗೆ ಮನೆಯಲ್ಲಿ ಕೂಡ ಯಾರೂ ಇಷ್ಟು ಕಾಳಜಿ ತೋರಿಸಿದ್ದಿಲ್ಲ.

ನನ್ನ ಬೈಕು ಮಾಡುವ ಸದ್ದು ಟ್ಯಾಪೆಟ್ಟಿನದು. ಹೊಲಿಗೆ ಯಂತ್ರದ ಹಾಗೆ ಟಿಕಟಿಕ ಎನ್ನುತ್ತದೆ. ಎಂಜಿನ್ನಿನ ತಲೆಯಲ್ಲಿ ವಾಲ್ವ್‌ಗಳು ಬಾಗಿಲಿನಂತೆ ತೆರೆದು ಮುಚ್ಚುತ್ತಿರುತ್ತವೆ. ವಾಲ್ವಿಗೂ ಅದನ್ನು ತಳ್ಳುವ ಟ್ಯಾಪೆಟ್ ಎಂಬ ತುಂಡಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಡಬೇಕು. ಕಾದ ಲೋಹ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಬಾಗಿಲು ಪೂರ್ತಿ ಮುಚ್ಚದೆ, ಸಂದಿನಲ್ಲಿ ಬೆಂಕಿ ನುಗ್ಗಿ ವಾಲ್ವಿನ ಅಂಚು ಸುಟ್ಟುಹೋಗುತ್ತದೆ. ಟಿಕಟಿಕ ಅಂದರೆ ಜಾಗ ಇದೆ ಎಂದರ್ಥ. ಹಾಗೆಂದು ಸಿಕ್ಕಾಪಟ್ಟೆ ಬಡಿದರೂ ಕೆಡುಕೇ. ಅದಕ್ಕೇ ಆಗಾಗ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕಾಫಿಗೂ ಮುಂಚೆ, ಆ ಸಂದಿಗೆ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ ನೋಡುತ್ತೇನೆ. ನಿವೃತ್ತನಾದ ಮೇಲೆ ನನ್ನ ಮಾತೇ ಕೊನೆಯ ಮಾತಾಗಿ ಉಳಿದಿದ್ದ ಜಾಗ ಇದೊಂದೇ. ಅದನ್ನು ಬಿಟ್ಟುಕೊಡಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಅಲ್ಲಿಗೂ ನನ್ನ ಭಾಮೈದ ಮುರಳಿ ಕೈ ಹಾಕಿದ. ನನ್ನ ಅರವತ್ತರ ಶಾಂತಿಗೆ ಏನು ಉಡುಗೊರೆ ಕೊಡುವುದೆಂದು ಅವನೂ ನನ್ನ ಹೆಂಡತಿ ವಿಮಲಳೂ ಗುಟ್ಟಾಗಿ ಮಾತಾಡಿಕೊಂಡಿದ್ದರಂತೆ. ನಾನು ಮಣೆಯ ಮೇಲೆ ಕೂತು ಕಲಶದ ನೀರು ಹುಯ್ಯಿಸಿಕೊಳ್ಳುತ್ತಿದ್ದಾಗ ಇವನು ಬೈಕನ್ನು ಒಯ್ದು, ಮೆಕ್ಯಾನಿಕ್ಕಿಗೆ ಸದ್ದೇ ಬರಬಾರದು ಎಂದು ಹೇಳಿ ಟ್ಯಾಪೆಟ್ ಬಿಗಿಸಿಕೊಂಡು ಬಂದ. ಊಟಕ್ಕೆ ಸೇರಿದ್ದ ನೆಂಟರೆದುರು ಸ್ಟಾರ್ಟ್ ಮಾಡಿ, ‘ಹೆಂಗಿದೆ ಭಾವ? ಬೆಣ್ಣೆ!’ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಬೈದುಬಿಡೋಣ ಎನಿಸಿತು. ಆದರೆ ಪಂಚೆ ಶಲ್ಯದಲ್ಲಿ, ಆಗತಾನೇ ಅದೇ ಹೆಂಡತಿಗೆ ಇನ್ನೊಮ್ಮೆ ತಾಳಿ ಕಟ್ಟಿದವನು, ಅವಳ ತಮ್ಮನನ್ನು ಬೈಯುವುದು ಹೇಗೆ? ಹಲ್ಲು ಕಿರಿದೆ.

ಮಾರನೆಯ ದಿನ ಸರಿಮಾಡೋಣವೆಂದು ಹೊರಟರೆ ವಿಮಲ, ‘ನನ್ನ ತಮ್ಮ ಪ್ರೀತಿಯಿಂದ ಮಾಡ್ಸಿದಾನೆ. ಸ್ಪ್ಯಾನರ್ ಮುಟ್ಟಿದ್ರೆ ನೋಡಿ’ ಎಂದಳು. ಮುಟ್ಟಲಿಲ್ಲ. ಅವಳನ್ನು ಹಿಂದೆ ಕೂರಿಸಿಕೊಂಡು ಬನಶಂಕರಿ ದೇವಸ್ಥಾನಕ್ಕೆ, ಮಸಾಲೆ ದೋಸೆಗೆ ಎಂದು ಸುತ್ತಿದೆ. ಎಂಜಿನ್ ಮೆತ್ತಗಾಗಿದ್ದರಿಂದ ಅವಳು ಹೇಳಿದ್ದೆಲ್ಲ ಸ್ಪಷ್ಟವಾಗಿ ಕೇಳಿಸತೊಡಗಿತು. ಇಷ್ಟು ವರ್ಷ ‘ಕೇಳಿಸ್ಲಿಲ್ಲ ಕಣೆ’ ಎಂದು ನಾನು ತಪ್ಪಿಸಿಕೊಂಡಿದ್ದ ಮಾತುಗಳೇ ಅವು. ಮುಖ್ಯವಾದದ್ದು, ಈ ಬೈಕು ಮಾರಿ ಎನ್ನುವುದು.

ಕೊನೆಗೊಂದು ದಿನ ಹನುಮಂತನಗರದ ಏರಿನಲ್ಲಿ ಬೈಕು ಸುಸ್ತಾಗಿ ನಿಂತಿತು. ಕಿಕ್ ಹೊಡೆದರೆ ಕಾಲಿಗೆ ತಡೆಯೇ ಸಿಗಲಿಲ್ಲ. ಎಂಜಿನ್ ಬಿಚ್ಚಿಸಿದಾಗ ನಾನು ಹೆದರಿದ್ದೇ ಆಗಿತ್ತು. ವಾಲ್ವಿನ ಅಂಚು ಇಲಿ ಕಡಿದ ಚಕ್ಕುಲಿಯಂತಿತ್ತು. ಮುರಳಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಬೈಕಿಗೂ ವಯಸ್ಸಾಯ್ತಲ್ಲ ಭಾವ’ ಎಂದ. ತಾನು ಬಿಗಿಸಿದ್ದರ ಸುದ್ದಿಯೇ ಎತ್ತಲಿಲ್ಲ.

ಹೊಸ ವಾಲ್ವ್ ಹಾಕಿಸಿ, ಸಂದು ನಾನೇ ಅಳೆದು, ಟಿಕಟಿಕ ಮರಳಿ ಬಂದ ವಾರವೇ ಮುರಳಿ ಒಬ್ಬ ಗಿರಾಕಿಯನ್ನು ಕರೆತಂದ. ಮಾರುವುದೆಂದು ಅಕ್ಕ ತಮ್ಮ ತೀರ್ಮಾನಿಸಿಯಾಗಿತ್ತು. ಸುಬ್ರಹ್ಮಣ್ಯಪುರದಿಂದ ಬಂದಿದ್ದ ಆ ಮನುಷ್ಯ ಸ್ಟಾರ್ಟ್ ಮಾಡಿ, ಸದ್ದು ಕೇಳಿ ಹುಬ್ಬು ಗಂಟಿಕ್ಕಿದ. ಮುರಳಿ ತಕ್ಷಣ, ‘ಏನಿಲ್ಲ ಗುರು, ಟ್ಯಾಪೆಟ್ಟು. ಟೈಟ್ ಮಾಡಿಸ್ಬಿಟ್ರೆ ಸೈಲೆಂಟ್ ಆಗೋಗುತ್ತೆ’ ಎಂದ.

‘ಮುಟ್ಬೇಡಪ್ಪಾ!’ ಎಂದು ನಾನು ಕಿರುಚಿಬಿಟ್ಟೆ. ‘ಆ ಸೌಂಡ್ ಇರ್ಲೇಬೇಕು. ಅದು ನಿಂತ್ರೆ ಎಂಜಿನ್ ಸುಟ್ಟೋಗುತ್ತೆ!’

ಹಳೆಯ ಬೈಕು ಮಾರುವ ಪ್ರತಿಯೊಬ್ಬ ಕಳ್ಳನೂ ಇದನ್ನೇ ಹೇಳುತ್ತಾನೆ ಎಂಬುದು ಹೇಳಿಯಾದ ಮೇಲೆ ಹೊಳೆಯಿತು. ಗಿರಾಕಿ ನನ್ನ ಮುಖವನ್ನೊಮ್ಮೆ ನೋಡಿ, ಕೀಲಿಯನ್ನು ಕೈಗಿಟ್ಟು, ‘ಬೇಡ ಬಿಡಿ ಸಾರ್’ ಎಂದು ಹೊರಟೇಹೋದ. ಅಪ್ಪಟ ನಿಜ ಹೇಳಿ ಇಷ್ಟು ಸಲೀಸಾಗಿ ಸುಳ್ಳುಗಾರನಾದದ್ದು ನನಗೆ ಅದೇ ಮೊದಲು. ಮುರಳಿ ಒಂದು ಮಾತು ಸಾಕ್ಷಿ ಹೇಳಬಹುದಿತ್ತು. ಸುಟ್ಟ ವಾಲ್ವನ್ನು ಕಣ್ಣಾರೆ ಕಂಡವನು. ‘ನನ್ನ ಮರ್ಯಾದೆ ತೆಗೆದ್ರಿ ಭಾವ’ ಎಂದು ಅವನೂ ಚಪ್ಪಲಿ ಮೆಟ್ಟಿಕೊಂಡು ಹೋದ.

ಬೈಕು ಉಳಿಯಿತು. ಗೆದ್ದೆ ಎಂದೇ ಅಂದುಕೊಂಡೆ. ಅಂದಿನಿಂದ ಮುರಳಿಯ ಫೋನಿಲ್ಲ. ವಿಮಲ ಜಗಳಕ್ಕೆ ಬರಲಿ ಎಂದು ಕಾಯುತ್ತಿದ್ದೇನೆ. ಬೈದರೆ ಬೈಸಿಕೊಂಡು ನನ್ನದೂ ಒಂದು ಮಾತು ಹೇಳಬಹುದು. ಅವಳು ತಿಂಡಿ ತಂದಿಟ್ಟು ಒಳಗೆ ಹೋಗುತ್ತಾಳೆ. ಪಾತ್ರೆಯನ್ನು ಕೂಡ ಕುಕ್ಕುವುದಿಲ್ಲ. ನಿನ್ನೆ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, ‘ನಿಮ್ಮನೇಲಿ ಎಷ್ಟು ನೆಮ್ಮದಿ ಸಾರ್, ಒಂದು ಸೌಂಡಿಲ್ಲ’ ಎಂದರು. ಹೌದು ಎಂದೆ. ಟಿಕಟಿಕ ನಿಂತಿದ್ದ ಎಂಜಿನ್ ನೆನಪಾಗಿ ಹೆದರಿಕೆಯಾಯಿತು.